ಮೂಲೆ ಸೇರಿದ ಯಂತ್ರ ನುಡಿವ ಸಾಕ್ಷಿ

ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯ ರೈತರು ಅರಿಸಿನ ಬೆಳೆದು ಸಾಂಗಲಿ ಪೇಟೆಗೆ ಒಯ್ಯುತ್ತಾರೆ. ಗಾಯಕ್ಕೆ ಅರಿಸಿನ ಹಚ್ಚಬೇಕೆಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಆದರೂ 1995ರ ಮಾರ್ಚ್‌ನಲ್ಲಿ ಅದೇ ಉಪಯೋಗಕ್ಕೆ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆಯಿತು.

ಆಗಿನ ಅಮೆರಿಕದ ಕಾನೂನು ಹೊರದೇಶದ ಬಳಕೆಯನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅಚ್ಚಾದ ಬರಹವೋ ಹಳೆಯ ಪೇಟೆಂಟೋ ಬೇಕಿತ್ತು. ಹೀಗಾಗಿ 1996ರಲ್ಲಿ ತಕರಾರು ಎತ್ತಿದ ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) 32 ಆಧಾರಗಳನ್ನು ಮುಂದಿಟ್ಟಿತು. ಅವುಗಳಲ್ಲಿ ಭಾರತೀಯ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ 1953ರಲ್ಲಿ ಬಂದ ಪ್ರಬಂಧವೂ ಇತ್ತು. 1997ರ ಆಗಸ್ಟ್‌ನಲ್ಲಿ ಪೇಟೆಂಟ್ ಬಿದ್ದುಹೋಯಿತು.

ಹಳೆಯ ಯಂತ್ರವೂ ಹೀಗೆ ಕಟಕಟೆ ಹತ್ತಿದೆ. 1895ರಲ್ಲಿ ಜಾರ್ಜ್ ಸೆಲ್ಡನ್ ಪಡೆದ ಪೇಟೆಂಟ್ ಅಮೆರಿಕದ ಪೆಟ್ರೋಲ್ ಕಾರುಗಳನ್ನೆಲ್ಲ ತನ್ನ ಅಂಕೆಗೆ ತರಲು ಹೊರಟಿತ್ತು. ಹೆನ್ರಿ ಫೋರ್ಡ್ ಮಣಿಯಲಿಲ್ಲ. 1860ರ ಸುಮಾರಿನ ಲೆನ್ವಾರ್ ಮಾದರಿ ಎಂಜಿನ್ ಕೂಡಿಸಿದ ಕಾರೊಂದನ್ನು ಅವರ ಕಡೆಯವರು ಕಟ್ಟಿ ಓಡಿಸಿ, ಸೆಲ್ಡನ್‌ಗಿಂತ ಮೊದಲಿನ ತಂತ್ರದಿಂದಲೇ ಇದು ಸಾಧ್ಯವಿತ್ತೆಂದು ತೋರಿಸಿದರು. ವ್ಯಾಜ್ಯ 1911ರಲ್ಲಿ ಮುಗಿಯಿತು. ಪೇಟೆಂಟ್ ಉಳಿದರೂ ಬ್ರೇಟನ್ ಮಾದರಿ ಎಂಜಿನ್ನಿಗಷ್ಟೇ ಸೀಮಿತವಾಯಿತು, ತಮ್ಮ ಕಾರಿನ ಎಂಜಿನ್ ಆ ಮಾದರಿಯದಲ್ಲದ್ದರಿಂದ ಫೋರ್ಡ್ ಗೆದ್ದರು.

ಅರಿಸಿನದ ಪಾಠ ಕಲಿತ ಭಾರತ 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಆರಂಭಿಸಿತು. ನಮ್ಮ ಪೇಟೆಂಟ್ ಕಾಯ್ದೆಯ 3(ಪಿ) ಕಲಮಿನ ಪ್ರಕಾರ ಪಾರಂಪರಿಕ ಜ್ಞಾನ ಹೊಸ ಆವಿಷ್ಕಾರವಲ್ಲ. ಪೇಟೆಂಟ್ ಕೊಡುವ ಮೊದಲೇ ಯಾರು ಬೇಕಾದರೂ ತಕರಾರು ಹಾಕಬಹುದು. 25ನೇ ಕಲಮಿನಲ್ಲಿ ಸ್ಥಳೀಯ ಸಮುದಾಯದ ಬಾಯಿಮಾತಿನ ತಿಳಿವಳಿಕೆಯೂ ಅದಕ್ಕೆ ಆಧಾರ.

ಆದರೆ ಆ ಗ್ರಂಥಾಲಯದ ಆಸರೆ ಆಯುರ್ವೇದ, ಯುನಾನಿ, ಸಿದ್ಧ, ಯೋಗದಂಥ ಪದ್ಧತಿಗಳ ಗ್ರಂಥಗಳು. ರಬಕವಿ-ಬನಹಟ್ಟಿಯ ನೇಕಾರ ಕುಣಿಮಗ್ಗಕ್ಕೆ ಮಾಡಿಕೊಂಡ ಮಾರ್ಪಾಟು, ಸೀರೆಯ ಅಂಚಿಗಾಗಿ ತೂತು ಹೊಡೆದ ಜಕಾರ್ಡ್ ರಟ್ಟು, ಮುಧೋಳ ಕಡೆಯ ಬೆಲ್ಲದ ಗಾಣಕ್ಕೆ ಕಮ್ಮಾರ ಕೂಡಿಸಿದ ಹಲ್ಲುಗಾಲಿ ಯಾವ ಗ್ರಂಥದಲ್ಲೂ ಸಿಗುವಂಥವಲ್ಲ. ಬಾಯಿಮಾತಿಗೆ ಕಾನೂನಿನ ಬೆಲೆಯಿದೆ ನಿಜ, ಆದರೆ ಬಲ್ಲ ಹಿರಿಯರು ಇಲ್ಲವಾದ ಮೇಲೆ ಹೇಳುವವರು ಯಾರು?

ವಿದ್ಯುತ್ ಮಗ್ಗ ಬಂತೆಂದು ಹಳೆಯ ರಟ್ಟುಗಳನ್ನು ಒಲೆಗೆ ಹಾಕಬಾರದು, ಗಾಣವನ್ನು ಗುಜರಿಗೆ ತೂಗಬಾರದು. ನೇಕಾರರ ಸಂಘಗಳೂ ಊರಿನ ಕಾಲೇಜುಗಳೂ ಕೂಡಿ ಫೋಟೊ, ಅಳತೆ, ಬಳಕೆಯ ಕಾಲ ಬರೆದು, ತಾರೀಖು ಹಾಕಿ ಅಚ್ಚು ಮಾಡಿಸಲಿ. ನಾಳೆ ಯಾರಾದರೂ ನಮ್ಮ ಕಸುಬಿಗೇ ಒಡೆತನ ಹೇಳಿಕೊಂಡು ಬಂದರೆ ಆ ಪುಟವೇ ನೇಕಾರನ ಪರ ನಿಲ್ಲುತ್ತದೆ.