ಯೋಜನೆ ಬರುವ ಮೊದಲು ಪಹಣಿ ನೋಡಿಕೊಳ್ಳೋಣ

ಮಳೆಗಾಲ ಮುಗಿಯುವ ಹೊತ್ತಿಗೆ ನಾವು ನಾಲ್ಕು ಮಂದಿ ಉಸ್ತಾದರು ಮದ್ರಸದ ಮಕ್ಕಳನ್ನು ಕರೆದುಕೊಂಡು ಸೊರಬ ತಾಲೂಕಿನ ಗುಡವಿ ಪಕ್ಷಿಧಾಮಕ್ಕೆ ಹೋಗಿದ್ದೆವು. ಕೆರೆಯ ಮರಗಳ ತುಂಬಾ ಬೆಳ್ಳಕ್ಕಿ, ನೀರುಕಾಗೆ. ವಾಪಸು ಬರುವಾಗ ದಾರಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರೆ ಪಕ್ಕದ ಅಜ್ಜರೊಬ್ಬರು ಮಾತಿಗೆ ಸಿಕ್ಕಿದರು. ಅವರು ಶರಾವತಿ ಮುಳುಗಡೆಯವರು.

"ಮೇಷ್ಟ್ರೇ, ನಾನಾಗ ಸಣ್ಣವ. ಸಾಮಾನು, ದನ, ಮಕ್ಕಳು ಎಲ್ಲಾ ಲಾರೀಲಿ ಹಾಕ್ಕೊಂಡು ಬಂದ್ರು. ಇಲ್ಲೇ ಕಾಡು ಕಡಿದು ಗದ್ದೆ ಮಾಡಿದ್ವಿ. ಅಪ್ಪ ಹೋಗಿ ಮೂವತ್ತು ವರ್ಷ ಆಯ್ತು. ಪಹಣೀಲಿ ಇವತ್ತಿಗೂ ಅರಣ್ಯ ಅಂತಲೇ ಇದೆ."

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ನಮ್ಮೆಲ್ಲರ ಮನೆಯ ಬಲ್ಬು ಉರಿಯುವುದರಲ್ಲಿ ಅವರ ಮುಳುಗಿದ ಗದ್ದೆಯ ಪಾಲಿದೆ. ಅವರಿಗೆ ಜಾಗ ತೋರಿಸಿದರು, ದಾಖಲೆ ಬದಲಿಸಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದಕ್ಕೆ ಕೇಂದ್ರದ ಒಪ್ಪಿಗೆ ಬೇಕಾಯಿತು. ಅದಿಲ್ಲದೆ ರಾಜ್ಯ ಹೊರಡಿಸಿದ ಆದೇಶಗಳು ಕೋರ್ಟಿನಲ್ಲಿ ನಿಲ್ಲಲಿಲ್ಲ. ಹಿನ್ನೀರಿನ ಆಚೆ ಉಳಿದ ಸಿಗಂದೂರು ಕಡೆಯವರು ಲಾಂಚನ್ನೇ ನಂಬಿ ಬದುಕಿದರು. 2.44 ಕಿ.ಮೀ. ಉದ್ದದ ಸೇತುವೆ ಅವರಿಗೆ ಸಿಕ್ಕಿದ್ದು 2025ರ ಜುಲೈ 14ರಂದು.

ಇದು ಘಟ್ಟದ ಮೇಲಿನ ಕಥೆ ಮಾತ್ರ ಅಲ್ಲ. ನವಮಂಗಳೂರು ಬಂದರಿಗಾಗಿ ಪಣಂಬೂರು ಬಿಟ್ಟವರ ಮನೆಗಳು ಕಾಟಿಪಳ್ಳ, ಕೃಷ್ಣಾಪುರದಲ್ಲಿವೆ. ಅಲ್ಲಿನ ಹಿರಿಯರನ್ನು ಕೇಳಿದರೆ ಗೊತ್ತಾಗುತ್ತದೆ.

ಈಗ ಮತ್ತೆ ದೊಡ್ಡ ಕೆಲಸಗಳ ಕಾಲ. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ದಿನ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗಕ್ಕೆ ಶಂಕುಸ್ಥಾಪನೆ ನಡೆಯಿತು. ರೈಲು ಬರಲಿ, ನಾವೂ ಹತ್ತೋಣ. ಆದರೆ ಹಳಿ ಹಾಕಬೇಕಾದರೆ ಯಾರದ್ದೋ ತೋಟ, ಯಾರದ್ದೋ ಅಂಗಡಿ ಹೋಗಲೇಬೇಕು. ಆಗ ಅಧಿಕಾರಿ ಮೊದಲು ನೋಡುವುದು ಪಹಣಿಯಲ್ಲಿರುವ ಹೆಸರನ್ನು.

ನಮ್ಮ ಮೊಹಲ್ಲಾಗಳಲ್ಲಿ ಎಷ್ಟೋ ಮನೆಗಳ ಜಾಗ ಇನ್ನೂ ತೀರಿಹೋದ ಬಾಪನ ಹೆಸರಿನಲ್ಲೇ ಇದೆ. ಪೌತಿ ಖಾತೆಗೆ ಬೇಕಾದ್ದು ಮರಣ ಪ್ರಮಾಣಪತ್ರ, ವಂಶವೃಕ್ಷ, ಒಂದು ಅರ್ಜಿ. ನಾಳೆ ಮಾಡೋಣ ಎಂದು ಇಪ್ಪತ್ತು ವರ್ಷ ಕಳೆಯುತ್ತದೆ. ಇನ್ನೊಂದು ಮಾತು, ಸ್ವಲ್ಪ ಕಹಿ. ಮಕ್ಕಳಿರುವವ ತೀರಿಹೋದರೆ ಹೆಂಡತಿಗೆ ಎಂಟನೇ ಒಂದು ಪಾಲು, ಹೆಣ್ಣುಮಕ್ಕಳಿಗೆ ಅವರ ಹಕ್ಕಿನ ಪಾಲು ಎಂದು ನಾವೇ ಪಾಠ ಹೇಳುತ್ತೇವೆ. ಖಾತೆ ಮಾತ್ರ ಹಿರಿಮಗನೊಬ್ಬನ ಹೆಸರಿಗೆ ಮಾಡಿಸುತ್ತೇವೆ. ನಾಳೆ ಪರಿಹಾರದ ಹಣ ಬಂದರೆ ಅವನ ಕೈಗೇ ಬರುತ್ತದೆ. ಉಮ್ಮ, ತಂಗಿಯರು ಯಾರನ್ನು ಕೇಳಬೇಕು?

ಜಾಗ ಇಲ್ಲದವರೂ ಸುಮ್ಮನಿರಬೇಕಾಗಿಲ್ಲ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ, ಆ ಜಾಗವನ್ನೇ ನಂಬಿ ಮೂರು ವರ್ಷದಿಂದ ದುಡಿಯುತ್ತಿರುವ ಗೇಣಿದಾರರು, ಕೂಲಿಯವರೂ ಬಾಧಿತ ಕುಟುಂಬದ ಲೆಕ್ಕಕ್ಕೆ ಬರುತ್ತಾರೆ. ಪ್ರಾಥಮಿಕ ಅಧಿಸೂಚನೆ ಬಂದ 60 ದಿನದೊಳಗೆ ಲಿಖಿತ ಆಕ್ಷೇಪಣೆ ಕೊಡಬಹುದು. ಪರಿಹಾರ ಸಾಲದಿದ್ದರೆ ಆಕ್ಷೇಪ ಬರೆದುಕೊಟ್ಟೇ ಹಣ ಪಡೆಯಬೇಕು. ಬೇರೆ ಕಾಯ್ದೆಯಡಿ ನೋಟಿಸು ಬಂದರೆ ಗಡುವೂ ಬೇರೆ. ಆದ್ದರಿಂದ ನೋಟಿಸನ್ನು ಕಪಾಟಿನಲ್ಲಿಡದೆ ಅದೇ ದಿನ ತಿಳಿದವರಿಗೆ ತೋರಿಸಿ.

ಒಂದು ಜುಮಾ ನಮಾಝಿನ ನಂತರ ಜಮಾಅತಿನವರು ಒಬ್ಬ ವಕೀಲರನ್ನು, ಒಬ್ಬ ಗ್ರಾಮ ಆಡಳಿತಾಧಿಕಾರಿಯನ್ನು ಕರೆಸಿ, ಮನೆಮನೆಯ ಪಹಣಿ ನೋಡಿಸಿದರೆ ಎಷ್ಟು ಉಪಕಾರ!

ಹೊರಡುವಾಗ ಆ ಅಜ್ಜ ನಮ್ಮ ಮಕ್ಕಳನ್ನು ನೋಡಿ ಹೇಳಿದರು: "ಹಕ್ಕಿ ತೋರ್ಸಿದ್ದು ಆಯ್ತಲ್ಲ ಮೇಷ್ಟ್ರೇ, ಪಹಣಿ ಓದೋದೂ ಕಲ್ಸಿ."

ಬರುವ ವಾರ ಕಲಿಸಬೇಕೆಂದಿದ್ದೇವೆ. ಮೊದಲು ನಮ್ಮದೇ ಮನೆಯ ಪಹಣಿ ತೆಗೆಸಬೇಕು.