ಅಂಕಿಗಳ ಚಿತ್ರವನ್ನು ಜನರು ಹೇಗೆ ಓದುತ್ತಾರೆ?

ಮಳೆಗಾಲ ಬಂತೆಂದರೆ ಬೇವೂರು, ಬಾಗಲಕೋಟೆಗಳ ಕಡೆಯ ಜನರಿಗೆ ಆಲಮಟ್ಟಿ ಜಲಾಶಯದ ಮಟ್ಟವೇ ಮಾತು. ಪೂರ್ಣ ಮಟ್ಟ 519.60 ಮೀಟರು, ಆಗಿನ ಸಂಗ್ರಹ ಸುಮಾರು 123 ಟಿ.ಎಂ.ಸಿ. ಇಂಥ ಅಂಕಿಗಳನ್ನು ಚಿತ್ರವಾಗಿ ಬರೆದರೆ ಎಲ್ಲರಿಗೂ ತಿಳಿಯುವುದೆಂದು ನಾವು ನಂಬುತ್ತೇವೆ. ಆದರೆ ನೋಡಿದವನು ನಿಜವಾಗಿ ತಿಳಿದುಕೊಂಡದ್ದೇನು? ಇದನ್ನು ಅರಿಯುವುದಕ್ಕೂ ಒಂದು ಶಾಸ್ತ್ರೀಯ ಕ್ರಮವುಂಟು.

ವ್ಯಾಪಾರದ ಅಂಕಿಗಳನ್ನು ರೇಖೆ, ಸ್ತಂಭಗಳಲ್ಲಿ ತೋರಿಸಿದ ವಿಲಿಯಂ ಪ್ಲೇಫೇರನ ಗ್ರಂಥವು 1786ರಲ್ಲಿ ಪ್ರಕಟವಾಯಿತು. ಓದುವವರ ಪರೀಕ್ಷೆಯಾದರೋ ಬಹುಕಾಲದ ಮೇಲಿನ ಮಾತು. 1984ರಲ್ಲಿ ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಚಿತ್ರಗಳನ್ನು ತೋರಿಸಿ, "ಚಿಕ್ಕ ಭಾಗವು ದೊಡ್ಡದರ ಶೇಕಡಾ ಎಷ್ಟು?" ಎಂದು ಕೇಳಿ, ಉತ್ತರಗಳಲ್ಲಿಯ ತಪ್ಪನ್ನು ಅಳೆದರು. ಒಂದೇ ನೆಲಗೆರೆಯ ಮೇಲೆ ನಿಂತ ಸ್ತಂಭಗಳನ್ನು ಹೋಲಿಸುವಾಗ ತಪ್ಪು ಕಡಿಮೆ. ವೃತ್ತದ ಹೋಳುಗಳನ್ನು ಹೋಲಿಸುವಾಗ ಹೆಚ್ಚು. 2010ರಲ್ಲಿ ಹೀರ್ ಮತ್ತು ಬೋಸ್ಟಾಕ್ ಅಂತರ್ಜಾಲದ ಮೂಲಕ ಇದೇ ಪರೀಕ್ಷೆಯನ್ನು ಮಾಡಿದಾಗಲೂ ಫಲವು ಬಹುಮಟ್ಟಿಗೆ ಹೊಂದಿಬಂದಿತು.

ಬೇರೆ ಕ್ರಮಗಳೂ ಇವೆ. ಓದುಗನ ಕಣ್ಣಿನ ಚಲನೆಯನ್ನು ಯಂತ್ರದಿಂದ ಗುರುತಿಸಬಹುದು. ಆದರೆ ದೃಷ್ಟಿ ಎಲ್ಲಿ ನಿಂತಿತೆಂದು ತಿಳಿದೀತೇ ಹೊರತು ಏಕೆ ನಿಂತಿತೆಂದು ತಿಳಿಯದು. ಅದಕ್ಕಾಗಿ, ಮನಸ್ಸಿಗೆ ತೋಚಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಓದಲು ಆತನಿಗೆ ಸೂಚಿಸಿ, ಆ ಮಾತುಗಳನ್ನು ಬರೆದುಕೊಳ್ಳುವರು.

ಆಲಮಟ್ಟಿಗೆ ಇದನ್ನು ಅನ್ವಯಿಸಿ ನೋಡೋಣ. 515 ಮತ್ತು 519.60 ಮೀಟರುಗಳ ಎರಡು ಸ್ತಂಭಗಳನ್ನು ಸೊನ್ನೆಯಿಂದ ಬರೆದರೆ ಎರಡೂ ಸಮನಾಗಿ ಕಾಣುವುವು. 514ರಿಂದ ಬರೆದರೆ ಎರಡನೆಯದು ಮೊದಲನೆಯದರ ಐದು ಪಟ್ಟಿಗೂ ಮಿಕ್ಕು ಕಾಣುವುದು. ನೀರಿನ ಪ್ರಮಾಣವನ್ನು ಎರಡೂ ಹೇಳಲಾರವು. ಜಲಾಶಯವು ಮೇಲೇರಿದಂತೆ ಅಗಲವಾಗುವುದರಿಂದ, ಮೇಲಿನ ಒಂದು ಮೀಟರಿನಲ್ಲಿ ಕೆಳಗಿನ ಒಂದು ಮೀಟರಿಗಿಂತ ಹೆಚ್ಚು ನೀರು ಹಿಡಿಯುತ್ತದೆ.

ಇದನ್ನು ನಾವೇ ಪರೀಕ್ಷಿಸಬಹುದು. ಚೀಟಿ ಎತ್ತಿ ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಟ್ಟದ ಚಿತ್ರವನ್ನೂ ಇನ್ನೊಂದಕ್ಕೆ ಸಂಗ್ರಹದ ಚಿತ್ರವನ್ನೂ ಕೊಡಬೇಕು. "ತಿಳಿಯಿತೇ?" ಎಂದು ಕೇಳಬಾರದು, ಸಂಕೋಚಕ್ಕೆ ಎಲ್ಲರೂ ಹೌದೆನ್ನುವರು. "ಜಲಾಶಯ ತುಂಬಲು ಇನ್ನೆಷ್ಟು ನೀರು ಬೇಕು?" ಎಂದೇ ಕೇಳಬೇಕು. ಕೇಳುವುದು ಸಹಪಾಠಿಗಳನ್ನಷ್ಟೇ ಅಲ್ಲ. ಇಳಕಲ್ಲಿನ ನೇಕಾರರನ್ನೂ ಹುನಗುಂದದ ರೈತರನ್ನೂ ಹಿನ್ನೀರಿನ ದಂಡೆಯವರನ್ನೂ ಕೇಳಬೇಕು.

ಬಿತ್ತುವ ಕಾಲ, ದನಕರುಗಳನ್ನು ಸಾಗಿಸುವ ಹೊತ್ತು ಇಂಥ ತಿಳಿವಳಿಕೆಯನ್ನೇ ಅವಲಂಬಿಸಿವೆ. ಚಿತ್ರದ ಅಂದವನ್ನು ಬರೆದವನು ಮೆಚ್ಚಿಕೊಳ್ಳಲಿ. ಅದರ ಯೋಗ್ಯತೆಯನ್ನು ಮಾತ್ರ ಓದಿದವನ ಉತ್ತರದಿಂದಲೇ ಅಳೆಯಬೇಕು.