ಬೆಳಕಿನ ಗಂಟೆಗೆ ಎಷ್ಟು ಡಾಲರ್? ಕೆನಡಾದ ಹಿಮಪರ್ವತಗಳ ಛಾಯಾಗ್ರಹಣ ಪ್ರವಾಸದ ಲೆಕ್ಕ

ಡಿಸೆಂಬರ್ 21ರಂದು ಬೆಂಗಳೂರಿನ ಹಗಲು 11 ಗಂಟೆ 22 ನಿಮಿಷ. ಅದೇ ದಿನ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಬ್ಯಾನ್ಫ್‌ನಲ್ಲಿ ಹಗಲು 7 ಗಂಟೆ 53 ನಿಮಿಷ. ನಡುಹಗಲಿನಲ್ಲಿ ಬೆಂಗಳೂರಿನ ಸೂರ್ಯ ದಿಗಂತದಿಂದ 53.6 ಡಿಗ್ರಿ ಮೇಲಿದ್ದರೆ, ಬ್ಯಾನ್ಫ್‌ನಲ್ಲಿ 15.4 ಡಿಗ್ರಿ ಮಾತ್ರ. ರಾಕಿ ಪರ್ವತಗಳಲ್ಲಿ ಮಾರ್ಗದರ್ಶಕರೊಂದಿಗೆ ನಡೆಯುವ ಚಳಿಗಾಲದ ಛಾಯಾಗ್ರಹಣ ಪ್ರವಾಸಗಳನ್ನು ದಿನದ ಲೆಕ್ಕದಲ್ಲಿ ಮಾರಲಾಗುತ್ತದೆ. ಛಾಯಾಗ್ರಾಹಕ ಅಲ್ಲಿಗೆ ಹೋಗುವುದು ಬೆಳಕಿಗಾಗಿ. ಆದ್ದರಿಂದ ದರವನ್ನೂ ಬೆಳಕಿನ ಗಂಟೆಗಳಲ್ಲೇ ಅಳೆಯಬೇಕೆಂಬುದು ಈ ಲೇಖನದ ವಾದ.

ಸೂರ್ಯ ದಿಗಂತದಿಂದ 6 ಡಿಗ್ರಿ ಎತ್ತರದೊಳಗಿರುವ ಅವಧಿಯನ್ನು ಗೋಲ್ಡನ್ ಅವರ್ ಎನ್ನುತ್ತಾರೆ. ದಿಗಂತದಿಂದ 6 ಡಿಗ್ರಿ ಕೆಳಗಿರುವವರೆಗಿನ ಸಂಧ್ಯಾಬೆಳಕನ್ನು ಇಲ್ಲಿ ಬ್ಲೂ ಅವರ್ ಎಂದು ಎಣಿಸಿದ್ದೇನೆ. ಡಿಸೆಂಬರ್ 21ರ ಖಗೋಳ ಲೆಕ್ಕದಂತೆ ಬೆಂಗಳೂರಿನಲ್ಲಿ ಗೋಲ್ಡನ್ ಅವರ್ ಒಂದು ಹೊತ್ತಿಗೆ 31 ನಿಮಿಷ, ಬ್ಯಾನ್ಫ್‌ನಲ್ಲಿ 61 ನಿಮಿಷ. ಬ್ಲೂ ಅವರ್ ಅನುಕ್ರಮವಾಗಿ 23 ಮತ್ತು 40 ನಿಮಿಷ. ಬೆಳಿಗ್ಗೆ, ಸಂಜೆ ಎರಡನ್ನೂ ಕೂಡಿದರೆ ಬೆಂಗಳೂರಿನ 108 ನಿಮಿಷಕ್ಕೆ ಎದುರಾಗಿ ಬ್ಯಾನ್ಫ್‌ನಲ್ಲಿ 202 ನಿಮಿಷ ಸಿಗುತ್ತದೆ, ಅಂದರೆ ಶೇ 87ರಷ್ಟು ಹೆಚ್ಚು. ಹಗಲು ಮೂರೂವರೆ ಗಂಟೆ ಕಡಿಮೆಯಾದರೂ ಓರೆಬೆಳಕು ಹೆಚ್ಚು, ಏಕೆಂದರೆ ಉತ್ತರದ ಅಕ್ಷಾಂಶದಲ್ಲಿ ಸೂರ್ಯ ಓರೆಯಾಗಿ ಏರಿ ಓರೆಯಾಗಿ ಇಳಿಯುತ್ತಾನೆ.

ಫೆಬ್ರವರಿ ಮಧ್ಯಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಬ್ಯಾನ್ಫ್‌ನ ಹಗಲು 473 ನಿಮಿಷದಿಂದ 609 ನಿಮಿಷಕ್ಕೆ, ಶೇ 29ರಷ್ಟು ಹಿಗ್ಗುತ್ತದೆ. ಬೆಳಗು, ಸಂಜೆಯ ಬೆಳಕು 202ರಿಂದ 162 ನಿಮಿಷಕ್ಕೆ, ಶೇ 20ರಷ್ಟು ಇಳಿಯುತ್ತದೆ. ಇವು ಸಮತಟ್ಟಾದ ದಿಗಂತದ ಅಂಕಿಗಳು. ದಕ್ಷಿಣಕ್ಕೆ ಪರ್ವತ ಎದ್ದಿರುವ ಕಣಿವೆಯಲ್ಲಿ ಸೂರ್ಯನ ನೇರ ಬೆಳಕು ಸರೋವರದ ಮೇಲೆ ಬೀಳುವ ಹೊತ್ತು ಇದಕ್ಕಿಂತ ಕಡಿಮೆ. ಶಿಖರಗಳ ಮೇಲಿನ ಬೆಳಕು ಮಾತ್ರ ಲೆಕ್ಕಕ್ಕೆ ಹತ್ತಿರವಾಗಿರುತ್ತದೆ.

ಇನ್ನು ಹಣ. ಲೆಕ್ಕಕ್ಕಾಗಿ ಏಳು ದಿನದ ಪ್ರವಾಸಕ್ಕೆ 3,500 ಕೆನಡಿಯನ್ ಡಾಲರ್ ಎಂದು, ಒಂದು ಡಾಲರ್‌ಗೆ 62 ರೂಪಾಯಿ ಎಂದು ಇಟ್ಟುಕೊಳ್ಳೋಣ. ಆಲ್ಬರ್ಟಾದಲ್ಲಿ ಪ್ರಾಂತೀಯ ಮಾರಾಟ ತೆರಿಗೆ ಇಲ್ಲ. ಕೇಂದ್ರದ ಜಿಎಸ್‌ಟಿ ಶೇ 5 ಸೇರಿ ಮೊತ್ತ 3,675 ಡಾಲರ್, ಅಂದರೆ 2,27,850 ರೂಪಾಯಿ. ಬಂದಿಳಿಯುವ ಮತ್ತು ಹೊರಡುವ ಅರ್ಧ ದಿನಗಳನ್ನು ಒಂದಾಗಿಸಿ ಆರು ಪೂರ್ಣ ದಿನ ಎಂದರೆ, ಫೆಬ್ರವರಿಯಲ್ಲಿ ಬೆಳಗು, ಸಂಜೆಯ 16.2 ಗಂಟೆ ಬೆಳಕು. ಗಂಟೆಗೆ 227 ಡಾಲರ್, ಸುಮಾರು 14,000 ರೂಪಾಯಿ. ಅದೇ ದರಕ್ಕೆ ಡಿಸೆಂಬರ್‌ನಲ್ಲಿ 20.2 ಗಂಟೆ ದೊರೆತು ಗಂಟೆಗೆ 182 ಡಾಲರ್ ಆಗುತ್ತದೆ. ದಿನದ ಲೆಕ್ಕದಲ್ಲಿ ಎರಡೂ ತಿಂಗಳು 525 ಡಾಲರ್‌ನಂತೆಯೇ ಕಾಣುತ್ತವೆ. ಆರರಲ್ಲಿ ಎರಡು ದಿನ ಮೋಡ ಕವಿದರೆ ಫೆಬ್ರವರಿಯ ಬೆಳಕು 10.8 ಗಂಟೆಗೆ ಇಳಿದು, ಗಂಟೆಯ ದರ 340 ಡಾಲರ್‌ಗೆ ಏರುತ್ತದೆ.

ಗುಂಪಿನ ಗಾತ್ರ ಇದಕ್ಕಿಂತ ದೊಡ್ಡ ವ್ಯತ್ಯಾಸ ತರುತ್ತದೆ. ಒಬ್ಬ ಮಾರ್ಗದರ್ಶಕನಿಗೆ ಆರು ಮಂದಿ ಇದ್ದರೆ, 162 ನಿಮಿಷದ ಬೆಳಕಿನಲ್ಲಿ ಒಬ್ಬೊಬ್ಬರ ಪಾಲಿಗೆ ಆತನ ಗಮನ ದಿನಕ್ಕೆ 27 ನಿಮಿಷ. ಹನ್ನೆರಡು ಮಂದಿ ಇದ್ದರೆ 13.5 ನಿಮಿಷ. ದರದಲ್ಲಿ ಶೇ 20ರ ರಿಯಾಯಿತಿ ಕೊಟ್ಟು ಗುಂಪನ್ನು ಇಮ್ಮಡಿ ಮಾಡಿದರೆ, ಕಲಿಯಲು ಬಂದವರಿಗೆ ನಷ್ಟವೇ. ಒಬ್ಬ ಮಾರ್ಗದರ್ಶಕನಿಗೆ ಎಷ್ಟು ಮಂದಿ ಎಂಬುದೇ ಹಣ ಕಟ್ಟುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಎಂದು ನನಗನಿಸುತ್ತದೆ.

ಎರಡನೆಯ ಪ್ರಶ್ನೆ ತಂಗುವ ಊರಿನದು. ಕ್ಯಾನ್ಮೋರ್ ಪಟ್ಟಣದಲ್ಲಿ ತಂಗಿ, ಗುಳ್ಳೆಗಳ ಮಂಜುಗಡ್ಡೆಗೆ ಹೆಸರಾದ ಏಬ್ರಹಾಂ ಸರೋವರಕ್ಕೆ ಹೋಗಲು ಸುಮಾರು 200 ಕಿ.ಮೀ. ಹಿಮದ ರಸ್ತೆಯಲ್ಲಿ ಸರಾಸರಿ ವೇಗ ಗಂಟೆಗೆ 70 ಕಿ.ಮೀ. ಎಂದರೆ ಹೋಗಿಬರಲು ಸುಮಾರು 5 ಗಂಟೆ 40 ನಿಮಿಷ. ಇದು ಫೆಬ್ರವರಿಯ ಹಗಲಿನ ಶೇ 56ಕ್ಕೆ, ಡಿಸೆಂಬರ್‌ನ ಹಗಲಿನ ಶೇ 72ಕ್ಕೆ ಸಮ. ಫೆಬ್ರವರಿಯ ಬೆಳಗಿನ ಬ್ಲೂ ಅವರ್ ಹಿಡಿಯಬೇಕಾದರೆ ಬೆಳಗಿನ ಜಾವ 4:30ರೊಳಗೆ ಹೊರಡಬೇಕು. ದಾರಿಯ ಒಂದು ಭಾಗ ಲೇಕ್ ಲೂಯಿಸ್‌ನಿಂದ ಜಾಸ್ಪರ್‌ವರೆಗಿನ 232 ಕಿ.ಮೀ. ಉದ್ದದ ಐಸ್‌ಫೀಲ್ಡ್ಸ್ ಪಾರ್ಕ್‌ವೇ. ನವೆಂಬರ್ 1ರಿಂದ ಏಪ್ರಿಲ್ 1ರವರೆಗೆ ಈ ರಸ್ತೆಯಲ್ಲಿ ಚಳಿಗಾಲದ ಟೈರ್ ಕಡ್ಡಾಯ. ನಡುವಿನ ಸಸ್ಕಾಚೆವಾನ್ ಕ್ರಾಸಿಂಗ್‌ನ ಪೆಟ್ರೋಲ್ ಬಂಕ್ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಬಹುಪಾಲು ದೂರಕ್ಕೆ ಮೊಬೈಲ್ ಸಿಗ್ನಲ್ ಇಲ್ಲ.

ಏಬ್ರಹಾಂ ಸರೋವರದ ಅಂಕಿಗಳನ್ನು ಬಿಡಿಸಿ ನೋಡಬೇಕು, ಏಕೆಂದರೆ ಅದರ ಸೊಬಗೂ ಅಪಾಯವೂ ಒಂದೇ ಕಾರಣದಿಂದ ಬಂದವು. ಇದು ಸ್ವಾಭಾವಿಕ ಸರೋವರವಲ್ಲ. 1972ರಲ್ಲಿ ಉತ್ತರ ಸಸ್ಕಾಚೆವಾನ್ ನದಿಗೆ ಬಿಗ್‌ಹಾರ್ನ್ ಅಣೆಕಟ್ಟು ಕಟ್ಟಿದಾಗ ನಿಂತ ಜಲಾಶಯ. ಉದ್ದ 32 ಕಿ.ಮೀ., ವಿಸ್ತೀರ್ಣ 53.7 ಚದರ ಕಿ.ಮೀ., ವಿದ್ಯುತ್ ಘಟಕದ ಸಾಮರ್ಥ್ಯ 120 ಮೆಗಾವಾಟ್. ತಳದಲ್ಲಿ ಕೊಳೆಯುವ ಸಸ್ಯಾವಶೇಷದಿಂದ ಹೊರಟ ಮೀಥೇನ್ ಅನಿಲದ ಗುಳ್ಳೆಗಳು ಮೇಲೇರುವಾಗ, ದಿನದಿನಕ್ಕೆ ದಪ್ಪವಾಗುವ ಮಂಜುಗಡ್ಡೆಯಲ್ಲಿ ಒಂದರ ಕೆಳಗೊಂದು ಪದರವಾಗಿ ಸಿಕ್ಕಿಕೊಳ್ಳುತ್ತವೆ. ಕಣಿವೆಯ ಗಾಳಿ ಹಿಮವನ್ನು ಗುಡಿಸಿಬಿಡುವುದರಿಂದ ಗಡ್ಡೆ ಬರಿದಾಗಿ ಕಾಣುತ್ತದೆ. ಆದರೆ ಚಳಿಗಾಲದಲ್ಲಿ ವಿದ್ಯುತ್ತಿಗಾಗಿ ನೀರು ಬಿಟ್ಟಂತೆ ಮಟ್ಟ ಇಳಿಯುತ್ತದೆ. ದಡದ ಬಳಿಯ ಗಡ್ಡೆ ಅಡಿಯ ಆಸರೆ ಕಳೆದುಕೊಂಡು ಬಾಗುತ್ತದೆ, ಬಿರುಕುಬಿಡುತ್ತದೆ. ಅದರ ದಪ್ಪವನ್ನು ಒಂದು ಕಡೆ ಅಳೆದು ಇಡೀ ಸರೋವರಕ್ಕೆ ಅನ್ವಯಿಸುವಂತಿಲ್ಲ.

ದಪ್ಪಕ್ಕೆ ಮಾನದಂಡಗಳಿವೆ. ಕೆನಡಾದ ರೆಡ್‌ಕ್ರಾಸ್ ಸಲಹೆಯಂತೆ ಒಬ್ಬರು ನಡೆಯಲು 15 ಸೆಂ.ಮೀ., ಗುಂಪಿಗೆ 20 ಸೆಂ.ಮೀ., ಸ್ನೋಮೊಬೈಲ್‌ಗೆ 25 ಸೆಂ.ಮೀ. ದಪ್ಪದ ಮಂಜುಗಡ್ಡೆ ಬೇಕು. ಇದು ನೀಲಿ, ಪಾರದರ್ಶಕ ಗಡ್ಡೆಯ ಲೆಕ್ಕ. ಹಿಮ ಬೆರೆತ ಬಿಳಿ ಗಡ್ಡೆಯ ಬಲ ಅದರ ಅರ್ಧದಷ್ಟು, ಹಾಗಾಗಿ ಗುಂಪಿಗೆ 20ರ ಬದಲು 40 ಸೆಂ.ಮೀ. ಬೇಕಾಗುತ್ತದೆ. ಗಡ್ಡೆಯನ್ನು ಕೊರೆದು ಅಳೆಯುವ ಮಾರ್ಗದರ್ಶಕನಿಗೆ ಕೊಟ್ಟ ಹಣವೇ ಇಡೀ ದರದಲ್ಲಿ ಅತ್ಯಂತ ಸಾರ್ಥಕವಾದ ಭಾಗ ಎಂದು ನಾನು ಭಾವಿಸುತ್ತೇನೆ.

ಸರ್ಕಾರಿ ಶುಲ್ಕಗಳ ಪಾಲು ಸಣ್ಣದು. ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದ ವಯಸ್ಕರ ದಿನದ ಪ್ರವೇಶ 2023ರಲ್ಲಿ 10.50 ಡಾಲರ್ ಇದ್ದದ್ದು 2024ರಲ್ಲಿ 11 ಡಾಲರ್ ಆಯಿತು, ಏರಿಕೆ ಶೇ 4.8. ವಾರ್ಷಿಕ ಡಿಸ್ಕವರಿ ಪಾಸ್ 72.25ರಿಂದ 75.25 ಡಾಲರ್‌ಗೆ, ಶೇ 4.2 ಏರಿತು. 2024ರ ದರದಲ್ಲಿ ದಿನದ ಚೀಟಿಗಿಂತ ವಾರ್ಷಿಕ ಪಾಸ್ ಅಗ್ಗವಾಗುತ್ತಿದ್ದದ್ದು ಏಳನೇ ದಿನದಿಂದ. ಅದೇ ದರದಲ್ಲಿ ಐದು ದಿನ ಉದ್ಯಾನದೊಳಗಿದ್ದರೆ 55 ಡಾಲರ್, ಮೇಲೆ ಇಟ್ಟುಕೊಂಡ 3,500 ಡಾಲರ್‌ನ ಶೇ 1.6 ಮಾತ್ರ. ಏಬ್ರಹಾಂ ಸರೋವರ ಉದ್ಯಾನದ ಗಡಿಯಾಚೆ ಇರುವುದರಿಂದ ಅಲ್ಲಿ ಈ ಶುಲ್ಕವಿಲ್ಲ. ಭಾರತೀಯರಿಗೆ ವೀಸಾ 100 ಡಾಲರ್, ಬಯೋಮೆಟ್ರಿಕ್ 85 ಡಾಲರ್ ಸೇರಿ 185 ಡಾಲರ್, ಸುಮಾರು 11,500 ರೂಪಾಯಿ. ದೊಡ್ಡ ಮೊತ್ತ ದಂಡದ್ದು: ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸಿದರೆ 25,000 ಡಾಲರ್‌ವರೆಗೆ.

6,641 ಚದರ ಕಿ.ಮೀ. ವಿಸ್ತಾರದ ಬ್ಯಾನ್ಫ್ ಉದ್ಯಾನಕ್ಕೆ 2022–23ರಲ್ಲಿ ಸುಮಾರು 41.3 ಲಕ್ಷ, 2023–24ರಲ್ಲಿ ಸುಮಾರು 42.8 ಲಕ್ಷ ಮಂದಿ ಬಂದರು, ಹೆಚ್ಚಳ ಶೇ 3.6. ದಟ್ಟಣೆಯಿಂದಾಗಿ ಮೊರೇನ್ ಸರೋವರದ ರಸ್ತೆಯನ್ನು 2023ರಿಂದ ಖಾಸಗಿ ವಾಹನಗಳಿಗೆ ಮುಚ್ಚಲಾಗಿದೆ. ಹಿಂದೆ ಕೆನಡಾದ 20 ಡಾಲರ್ ನೋಟಿನ ಮೇಲಿದ್ದ ಈ ಸರೋವರ 1,884 ಮೀಟರ್ ಎತ್ತರದಲ್ಲಿದೆ. ಅಕ್ಟೋಬರ್ ಮಧ್ಯದಿಂದ ಮೇ ಕೊನೆಯವರೆಗೆ ರಸ್ತೆ ಎಲ್ಲ ವಾಹನಗಳಿಗೂ ಬಂದ್. ಚಳಿಗಾಲದ ಪ್ರವಾಸದ ಪಟ್ಟಿಯಲ್ಲಿ ಮೊರೇನ್ ಹೆಸರಿದ್ದರೆ ಹೇಗೆ ಕರೆದೊಯ್ಯುತ್ತಾರೆಂದು ವಿವರಣೆ ಕೇಳಿ.

ಹಿಮದ ಎದುರು ಕ್ಯಾಮೆರಾ ತಪ್ಪುವುದೂ ಲೆಕ್ಕದ ಪ್ರಕಾರವೇ. ಕ್ಯಾಮೆರಾದ ಮೀಟರ್ ದೃಶ್ಯವು ಸರಾಸರಿ ಶೇ 18ರಷ್ಟು ಬೆಳಕನ್ನು ಪ್ರತಿಫಲಿಸುತ್ತದೆಂದು ಭಾವಿಸುತ್ತದೆ. ಹೊಸ ಹಿಮ ಪ್ರತಿಫಲಿಸುವುದು ಶೇ 80ರಿಂದ 90. ಬೆಳಕನ್ನು ಇಮ್ಮಡಿಸುವ ಒಂದು ಹಂತವೇ ಒಂದು ಸ್ಟಾಪ್: 18ರಿಂದ 36ಕ್ಕೆ ಒಂದು, 72ಕ್ಕೆ ಎರಡು. ಮರ, ಬಂಡೆಗಳೂ ಚೌಕಟ್ಟಿನಲ್ಲಿದ್ದರೆ ಒಂದರಿಂದ ಎರಡು ಸ್ಟಾಪ್ ಹೆಚ್ಚಿಸಿದರೆ ಹಿಮ ಬೂದು ಬಣ್ಣಕ್ಕೆ ತಿರುಗುವುದಿಲ್ಲ. ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲಿಥಿಯಂ ಬ್ಯಾಟರಿ ಸುಮಾರು ಅರ್ಧದಷ್ಟೇ ಶಕ್ತಿ ಕೊಡುತ್ತದೆ. ಮನೆಯಲ್ಲಿ ದಿನಕ್ಕೆ ಎರಡು ಸಾಕಾದರೆ ಅಲ್ಲಿ ನಾಲ್ಕು ಬೇಕು. ಹೆಚ್ಚುವರಿ ಬ್ಯಾಟರಿಗಳು ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು.

ಕೊನೆಯ ಲೆಕ್ಕ ಇಂಗಾಲದ್ದು, ಬೆಂಗಳೂರಿನಿಂದ ಹೊರಡುವವರಿಗೆ ಇದೇ ಅತಿ ಭಾರದ್ದು. ಬೆಂಗಳೂರು–ಕ್ಯಾಲ್ಗರಿ ನೇರ ಅಂತರ ಸುಮಾರು 12,800 ಕಿ.ಮೀ., ಹೋಗಿಬರಲು 25,600. ಪ್ರತಿ ಪ್ರಯಾಣಿಕ-ಕಿಲೋಮೀಟರ್‌ಗೆ 90 ಗ್ರಾಂ ಕಾರ್ಬನ್ ಡೈಆಕ್ಸೈಡ್ ಎಂದರೆ ಒಬ್ಬರ ಪಾಲು 2.3 ಟನ್. ಭಾರತೀಯನೊಬ್ಬನ ವರ್ಷದ ಸರಾಸರಿ ಹೊರಸೂಸುವಿಕೆ ಸುಮಾರು 2 ಟನ್. ಅಲ್ಲಿ ಆರು ಪ್ರವಾಸಿಗಳ ವ್ಯಾನ್ 1,500 ಕಿ.ಮೀ. ಓಡಿ, 100 ಕಿ.ಮೀ.ಗೆ 12 ಲೀಟರ್‌ನಂತೆ 180 ಲೀಟರ್ ಪೆಟ್ರೋಲ್ ಉರಿಸಿದರೂ ತಲಾ 70 ಕಿಲೋ ಮಾತ್ರ. ಏಳು ದಿನಕ್ಕೆ ಹಾರಿ ಹೋದರೆ ಫೆಬ್ರವರಿಯ ಬೆಳಕಿನ ಪ್ರತಿ ಗಂಟೆಗೆ ವಿಮಾನದ 142 ಕಿಲೋ ಇಂಗಾಲಾನಿಲ ಬೀಳುತ್ತದೆ. ಹದಿನಾಲ್ಕು ದಿನ ಉಳಿದರೆ 66 ಕಿಲೋ. ಎರಡು ಚಳಿಗಾಲಗಳಲ್ಲಿ ಒಂದೊಂದು ವಾರದ ಪ್ರವಾಸ ಮಾಡುವ ಬದಲು ಒಂದೇ ಬಾರಿಗೆ ಎರಡು ವಾರ ಹೋಗಿಬಂದರೆ 2.3 ಟನ್ ಉಳಿಯುತ್ತದೆ. ಬ್ಯಾನ್ಫ್‌ಗೆ 128 ಕಿ.ಮೀ. ದೂರದ ಕ್ಯಾಲ್ಗರಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ವಿಮಾನದ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರು ಹವಾಮಾನ ಮುನ್ಸೂಚನೆ ನೋಡಿ, ಮೋಡವಿಲ್ಲದ ದಿನವನ್ನಷ್ಟೇ ಆರಿಸಿಕೊಂಡು ಹೊರಡಬಹುದು.